ಶರಾ

ಹದಿನೆಂಟು ಅಂಗಿ, ಹದಿನೆಂಟು ಚಡ್ಡಿ,
ಕಾಲುಚೀಲ ಮೂವತ್ತೈದು.
ಒಂದು ಯಾವಾಗಲೂ ಕಮ್ಮಿ. ಅದಕ್ಕೆ ನಾನು ಹೊಣೆಯಲ್ಲ ಎಂದು
ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ.

ಬರ್ಕಾದ ಲಾಂಡ್ರಿಯಲ್ಲಿ ನಿಂತು ನಾಲ್ಕು ವರ್ಷ
ಈ ತಂಡವನ್ನು ನಾನು ನೋಡಿದ್ದು ಕಲೆಗಳಲ್ಲಿ.
ಒಂಬತ್ತನೇ ನಂಬರಿನವ ಬೀಳುವುದು ಎಡಮಗ್ಗುಲಿಗೇ.
ಗೋಲಿಯ ಮೊಣಕೈ ಹಸಿರು.
ನಾಲ್ಕನೆಯವ, ಯಾರುಬ್, ಕೊರಳಪಟ್ಟಿ ಕಚ್ಚುತ್ತಾನೆ,
ಸೋತ ವಾರ ಜಾಸ್ತಿ.
ಬೆಂಚಿನ ಮೇಲೇ ಕೂತವರ ಅಂಗಿ ಮಾತ್ರ
ಹೋದ ಹಾಗೇ ಮಡಿಯಾಗಿ ಬರುತ್ತದೆ.
ಅದನ್ನೂ ಒಗೆಯುತ್ತೇನೆ, ಪೂರಾ ದುಡ್ಡು ಬರೆಯುತ್ತೇನೆ,
ಹಿಂಡುವಾಗ ಏನೋ ಸಂಕಟ.

ಹಗರಿ ಹೊಳೆಯ ಬಂಡೆಗೆ ನಮ್ಮಜ್ಜ
ಊರ ಮದುವೆಯ ಬಟ್ಟೆಯನ್ನೆಲ್ಲ ಒಗೆದ.
ಪಂಕ್ತಿಯಲ್ಲಿ ಕೂತದ್ದಿಲ್ಲ.

ಈ ಶುಕ್ರವಾರ ಬಸ್ಸಿನಲ್ಲಿ ಒಂದು ಸೀಟು ಖಾಲಿ.
"ಕುತ್ರೇಸ್, ಹತ್ತು" ಎಂದರು ಖಲ್ಫಾನಜ್ಜ.
ಕೊಟ್ರೇಶಿ ಅನ್ನುವುದು ಅವರ ನಾಲಿಗೆಗೆ ದಕ್ಕುವುದಿಲ್ಲ.
ಬಹಲಾ ದಾಟಿದ ಮೇಲೆ ದಾರಿಯುದ್ದ
ಹಿಂಡಿ, ಒಣಹಾಕಲು ಮರೆತ ಬಟ್ಟೆಯಂಥ ಬೋಳುಗುಡ್ಡ.
ಆಮೇಲೆ ಇಬ್ರಿ.

ಪರವೂರಿನವರ ಗೇಟು ಹಿಂದುಗಡೆ, ನೀರಿನ ಟ್ಯಾಂಕರಿನ ಪಕ್ಕ.
ಪೊಲೀಸಿನವ ನನ್ನ ಕಾರ್ಡು ತಿರುವಿ ಹಾಕಿ ಕೇಳಿದ:
"ನೀನು ಯಾರ ಕಡೆ?"
ಹನ್ನೊಂದು ವರ್ಷದಲ್ಲಿ ಈ ದೇಶದಲ್ಲಿ
ಯಾರೂ ಕೇಳಿರಲಿಲ್ಲ ಇದನ್ನು.
ಯಾವ ಕಂಪನಿ, ಯಾರು ಕಫೀಲ, ಅಷ್ಟೇ.
ಬರ್ಕಾ ಕಡೆ, ಎಂದೆ.
ದನಿ ಬೇಕಾದ್ದಕ್ಕಿಂತ ಜೋರಾಯಿತು.

ನಾವು ಐದು ಜನ: ಖಲ್ಫಾನಜ್ಜ, ಮೊಮ್ಮಗ ಮುಂದಿರ್,
ಬಸ್ಸು ಬಿಟ್ಟ ಟೇಕ್ ಬಹಾದ್ದೂರ್, ನಾನು,
ಮತ್ತೆ ಗೋಲಿಯ ಸೋದರಮಾವ. ಆತ ಆಟ ಮುಗಿಯುವವರೆಗೂ
ಫೋನಿನಲ್ಲಿ ಒಂಟೆಯ ರೇಟು ಕುದುರಿಸುತ್ತಿದ್ದ.
ಬಿಸಿಲಿಗೆ ಬಿರಿದ ಪ್ಲಾಸ್ಟಿಕ್ ಕುರ್ಚಿ ತೊಡೆ ಚಿವುಟುತ್ತದೆ.
ದೀಪದ ಕಂಬ ನಾಲ್ಕು, ಹತ್ತಿದ್ದು ಮೂರು,
ಆ ಮೂಲೆಯ ಕಾರ್ನರ್ ಕಿಕ್ಕೆಲ್ಲ ಅಂದಾಜಿನ ಮೇಲೆ.
ಅವರ ಕಡೆ ಡೋಲು, ಮುನ್ನೂರು ಮಂದಿ, ಬಿಳಿ ಅಂಗಿ.
ಬಿಳಿಗೆ ನೀಲಿ ಒಂದು ಚಿಟಿಕೆ ಹೆಚ್ಚಾಗಿದೆ.
ಇದ್ದಾನೆ, ಈ ಊರಲ್ಲೂ ನನ್ನಂಥವನೊಬ್ಬ,
ಕೈ ಸಡಿಲದವ.

ಮಧ್ಯಂತರಕ್ಕೆ ಮಗ್ರಿಬ್.
ಎರಡೂ ತಂಡ ಗೆರೆಯ ಆಚೆ ಒಂದೇ ಸಾಲಾಗಿ ಬಾಗಿದವು.
ಚಪ್ಪಲಿ, ಫ್ಲಾಸ್ಕು ಕಾದೆವು ನಾನೂ ಟೇಕ್ ಬಹಾದ್ದೂರನೂ.
ಸೊನ್ನೆ, ಎರಡು.
ಕಂಬಿಯ ಸಂದಿನಿಂದ ಅವರ ಕಡೆಯ ಹುಡುಗನೊಬ್ಬ
ಕಾವಾ, ಖರ್ಜೂರ ದಾಟಿಸಿದ.
"ಎರಡು ಗೋಲು ಹೊಡೆದು ಮೇಲೆ ಸಿಹಿ ಬೇರೆ"
ಎಂದು ಗೊಣಗುತ್ತ ಅಜ್ಜ ನಾಲ್ಕು ತಿಂದರು.

ಎಂಬತ್ತಾರನೇ ನಿಮಿಷ, ಕತ್ತಲ ಮೂಲೆ.
ತಲೆಯೋ ಮಂಡಿಯೋ, ಯಾರೂ ಆಣೆ ಮಾಡಲಾರರು.
ನಮಗೆ ತಿಳಿಯುವ ಮೊದಲೇ
ಅವರ ಡೋಲು ನಿಂತಿತು.
ಆಮೇಲೆ ಕಂಡದ್ದು, ಬಲೆಯಲ್ಲಿ ಚೆಂಡು,
ಬಾಯಲ್ಲಿ ಕೊರಳಪಟ್ಟಿ ಕಚ್ಚಿಕೊಂಡು ಓಡುವ ಯಾರುಬ್.
ಆ ಮೌನದೊಳಗೆ ಎದ್ದು ನಿಂತು ನಾನು
"ಹೊಡೆದ್ನಲೇ ನಮ್ಮ ಹುಡುಗ!"
ಎದುರಿನ ಗೋಡೆ ಒಂದಕ್ಷರ ತಪ್ಪಿಲ್ಲದೆ
ಕನ್ನಡದಲ್ಲೇ ಹಿಂದಿರುಗಿಸಿತು.
ಮುನ್ನೂರು ಮಂದಿ ಇತ್ತ ನೋಡಿದರು.
ಡೋಲಿನವ ನಕ್ಕು, ನನ್ನೊಬ್ಬನಿಗೆಂದು
ಒಂದೇ ಒಂದು ಪೆಟ್ಟು ಬಾರಿಸಿದ.

ಸೋತೆವು. ಒಂದು, ಎರಡು.
ಯಾರುಬ್ ಅಂಗಿ ಬಿಚ್ಚಿ ಕಂಬಿಯ ಮೇಲಿಂದ
ಖರ್ಜೂರದ ಹುಡುಗನ ಕಡೆ ಎಸೆದ.
ಬಸ್ಸಿನಲ್ಲಿ ಎಲ್ಲರೂ ಬಾಯಿ ತೆರೆದು ಮಲಗಿದ್ದರು,
ಬರ್ಕಾ ಬರುವಾಗ ಎರಡೂವರೆ.

ಶನಿವಾರ ಮೂಟೆ ಬಂತು. ಎಣಿಸಿದೆ: ಹದಿನೇಳು.
ಇಬ್ರಿಯ ಮಣ್ಣು ನಮ್ಮದಕ್ಕಿಂತ ತೆಳು ಬಣ್ಣ,
ನನ್ನ ಪ್ಯಾಂಟಿನ ಹಿಂಬದಿಗೂ ಅದೇ.
ಲೆಡ್ಜರಿನ ಶರಾ ಕಲಮಿನಲ್ಲಿ ಈವರೆಗೆ ಬರೆದದ್ದು
ಹರಿದಿದೆ, ಬಣ್ಣ ಬಿಟ್ಟಿದೆ, ಹೊಲಿಗೆ ಬಿಚ್ಚಿದೆ.
ಮಾಲೀಕನಿಗೆ ಕನ್ನಡ ಬಾರದು, ಅಂಕಿ ನೋಡುತ್ತಾನೆ.
ನಾಲ್ಕನೇ ನಂಬರಿನ ಎದುರು
"ಕಳೆದಿದೆ" ಎಂದು ಬರೆದು, ಹೊಡೆದುಹಾಕಿ,
"ಕೊಟ್ಟಿದ್ದೇವೆ" ಎಂದು ಬರೆದೆ.